ಅಬಕಾರಿ ಸಾಹೇಬ್ರೇ, ವಯಸ್ಸು ಬರೆದಿದ್ದೀರಿ, ಹೊತ್ತನ್ನೂ ಬರೆದುಬಿಡಿ

ಗೆ,
ಅಬಕಾರಿ ಆಯುಕ್ತರು, ಕರ್ನಾಟಕ ಸರ್ಕಾರ
ಒಂದು ಕಾಪಿ ಪಬ್ ಓನರ್‌ಗಳಿಗೆ, ಇನ್ನೊಂದು ಭಾನುವಾರ ಮಗು ಎತ್ಕೊಂಡು ಬರೋ ಅಪ್ಪ ಅಮ್ಮಂದಿರಿಗೆ

ವಿಷಯ: ಪಬ್ಬಿಗೆ ಮಕ್ಕಳನ್ನ ಬಿಡಬೇಕಾ ಬೇಡ್ವಾ, ಬಿಟ್ರೆ ಎಷ್ಟೊತ್ತಿನವರೆಗೆ

ಸಾರ್, ನಮಸ್ಕಾರ.

ನಾನು ಬೆಂಗಳೂರಲ್ಲಿ ಒಂದು ಬ್ರೂಪಬ್‌ನಲ್ಲಿ, ಅಂದ್ರೆ ಬಿಯರನ್ನ ಅಲ್ಲೇ ತಯಾರಿಸಿ ಮಾರೋ ಪಬ್ಬಲ್ಲಿ, ಫ್ಲೋರ್ ಕ್ಯಾಪ್ಟನ್, ಟೇಬಲ್‌ಗಳ ಸರ್ವಿಸ್ ನೋಡ್ಕೊಳ್ಳೋ ಕೆಲಸ. ಊರು ಹಾಸನದ ಕಡೆ. ಪಬ್ ಹೆಸರು ಬರೆಯಲ್ಲ, ಬರೆದ್ರೆ ನಾಳೆ ಡ್ಯೂಟಿ ರೋಸ್ಟರ್‌ನಲ್ಲಿ ನನ್ನ ಹೆಸರು ಇರಲ್ಲ, ಅದೂ ಅಲ್ದೆ ನಾನು ಹೇಳ್ಬೇಕು ಅಂತಿರೋದು ಒಂದೇ ಪಬ್ಬಿನ ಕತೆನೂ ಅಲ್ಲ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್, ಹೆಣ್ಣೂರು, ಎಲ್ಲಿ ಕೆಲಸ ಮಾಡೋ ಹುಡುಗ್ರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂದು ನೋಡಿ, ಬಾಗಿಲಲ್ಲಿ ಸ್ಟ್ರೋಲರ್ ಸಾಲು ನಿಂತಿರುತ್ತೆ. ಒಳಗೆ ಬಲೂನು, ಕೇಕು, ಎರಡು ವರ್ಷದ ಮಗುವಿನ ಬರ್ತ್‌ಡೇ, ಹಿಂದೆ ಗಾಜಿನ ಆಚೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕಲ್ಲಿ ಬಿಯರ್ ಹುದುಗ್ತಾ ಇರುತ್ತೆ. ಹೈಚೇರ್ ಸಾಲದೆ ಬರುತ್ತೆ ಕೆಲವು ಸಲ, ಬಿಯರ್ ಮಗ್ ಸಾಲದೆ ಬಂದಿದ್ದು ನಾನು ನೋಡಿಲ್ಲ.

1980ರ ದಶಕದಲ್ಲಿ ಚರ್ಚ್ ಸ್ಟ್ರೀಟು ಬ್ರಿಗೇಡ್ ರೋಡ್ ಕಡೆ ಪಬ್ ಶುರುವಾದಾಗ ಅವು ಕತ್ತಲೆ ಗುಹೆ ಥರ ಇದ್ವಂತೆ, ಹೊಗೆ, ರಾಕ್ ಮ್ಯೂಸಿಕ್ಕು, ಕಾಲೇಜು ಹುಡುಗ್ರು. ಅಲ್ಲಿಗೆ ಮಗು ಕರ್ಕೊಂಡು ಹೋಗೋ ಯೋಚನೆ ಯಾರಿಗೂ ಬಂದಿರಲ್ಲ. 2010ರ ಆಸುಪಾಸಲ್ಲಿ ಮೈಕ್ರೋಬ್ರೂವರಿಗೆ, ಅಂದ್ರೆ ಇಂಥ ಬ್ರೂಪಬ್‌ಗೆ, ನೀವು ಲೈಸೆನ್ಸ್ ಕೊಡೋಕೆ ಶುರು ಮಾಡಿದ್ ಮೇಲೆ ಆಟನೇ ಬದಲಾಯ್ತು. ಎತ್ತರದ ಚಾವಣಿ, ಗಿಡ, ಗಾಳಿ ಬೆಳಕು, ಪಿಜ್ಜಾ ಓವನ್ನು, ಮಕ್ಕಳಿಗೆ ಅಂತ್ಲೇ ಬೇರೆ ಮೆನು, ಕೆಲವು ಕಡೆ ಮಕ್ಕಳು ಆಡೋಕೆ ಜಾಗ ಕೂಡ. ಹೆಸರು ಮಾತ್ರ ಪಬ್ಬು, ಅರ್ಧ ದಿನ ಅದು ರೆಸ್ಟೋರೆಂಟೇ. ಜಾಗ ಬದಲಾಯ್ತು, ಬರೋ ಜನ ಬದಲಾದ್ರು, ನಿಯಮ ಮಾತ್ರ ಅಲ್ಲೇ ಕೂತಿದೆ.

ನಿಮ್ಮ ನಿಯಮ ಏನು ಹೇಳುತ್ತೆ? ಯಾರಿಗೆ ಮಾರಬಾರದು ಅಂತ ಹೇಳುತ್ತೆ. ಅದರಲ್ಲೂ ಒಂದು ಗೋಜಲು ಇದೆ, 1965ರ ಅಬಕಾರಿ ಕಾಯ್ದೆ 18 ವರ್ಷ ಅನ್ನುತ್ತೆ, 1967ರ ಲೈಸೆನ್ಸ್ ಷರತ್ತಿನ ನಿಯಮ 21 ಅನ್ನುತ್ತೆ. 2023ರ ಜನವರಿಯಲ್ಲಿ ಇದನ್ನ ಸರಿ ಮಾಡ್ತೀವಿ ಅಂತ 18ಕ್ಕೆ ಇಳಿಸೋ ಕರಡು ಬಿಟ್ರಿ, ಜನ ಉಗಿದ್ರು, ವಾಪಸ್ ತಗೊಂಡ್ರಿ. ಆಗ ರಾಜ್ಯ ಪೂರ್ತಿ ಮೂರು ವರ್ಷದ ವ್ಯತ್ಯಾಸಕ್ಕೆ ಕಿತ್ತಾಡ್ತು. ನಮ್ಮ ಟೇಬಲಲ್ಲಿ ಕೂತಿರೋರು 18ರೋರೂ ಅಲ್ಲ, 21ರೋರೂ ಅಲ್ಲ ಸಾರ್, ಒಂದೂವರೆ ವರ್ಷದೋರು, ನಾಲ್ಕು ವರ್ಷದೋರು, ಮೂರನೇ ಕ್ಲಾಸಿನೋರು. ಇವರು ಕೊಂಡ್ಕೊಳ್ಳೋಕೆ ಬಂದಿಲ್ಲ, ಅಪ್ಪ ಅಮ್ಮನ ಜತೆ ಕೂತ್ಕೊಳ್ಳೋಕೆ ಬಂದಿದ್ದಾರೆ. ಎಷ್ಟೊತ್ತಿನವರೆಗೆ ಕೂತ್ಕೋಬಹುದು ಅನ್ನೋದನ್ನ ಈಗ ತೀರ್ಮಾನ ಮಾಡ್ತಿರೋದು ಬಾಗಿಲಲ್ಲಿ ನಿಂತಿರೋ ಬೌನ್ಸರು.

ಒಂದು ಪಬ್ಬಲ್ಲಿ ಏಳು ಗಂಟೆ ಆದ್ಮೇಲೆ ಮಕ್ಕಳಿಗೆ ಇಲ್ಲ. ಪಕ್ಕದ ಬಿಲ್ಡಿಂಗಲ್ಲಿ ಒಂಬತ್ತು. ಅದರಾಚೆ ಇರೋದ್ರಲ್ಲಿ ಬಿಲ್ ಹತ್ತು ಸಾವಿರ ದಾಟೋ ಗ್ರೂಪ್ ಆದ್ರೆ ಟೈಮೇ ಇಲ್ಲ. ನಮ್ಮಲ್ಲಿ ಎಂಟು ಅಂತ ಇದೆ, ಆದ್ರೆ ಎಂಟಕ್ಕೆ ಹೋಗಿ "ಸಾರ್, ಕಿಡ್ಸ್ ಪಾಲಿಸಿ" ಅಂದ್ರೆ "ಯಾವ ಪಾಲಿಸಿ, ಎಲ್ಲಿ ಬರೆದಿದೆ, ತೋರಿಸಿ" ಅಂತಾರೆ. ತೋರಿಸೋಕೆ ನನ್ನ ಹತ್ರ ಏನಿದೆ? ಮ್ಯಾನೇಜರ್ ಗ್ರೂಪಲ್ಲಿ ಹಾಕಿರೋ ವಾಟ್ಸಾಪ್ ಮೆಸೇಜು. ಅದನ್ನ ತೋರಿಸಿದ್ರೆ ನಗ್ತಾರೆ. ಆಮೇಲೆ ಮನೆಗೆ ಹೋಗಿ ಒಂದು ಸ್ಟಾರ್ ಕೊಟ್ಟು, ಸ್ಟಾಫ್ ರೂಡ್ ಅಂತ ನನ್ನ ಹೆಸರು ಸಮೇತ ರಿವ್ಯೂ ಬರೀತಾರೆ.

ಒಂದು ಟೇಬಲಿನ ವಿಷಯ ಹೇಳ್ತೀನಿ. ಶನಿವಾರ ಸಂಜೆ, ಎಂಟು ಜನರ ಟೇಬಲ್ಲು, ಜತೆಗೆ ಇನ್ನೂ ಸರಿಯಾಗಿ ಹಲ್ಲು ಬಂದಿರದ ಒಂದು ಮಗು. ಹೆಫೆವೈಜನ್ ಅಂತ ಗೋಧಿ ಬಿಯರ್, ಮೇಲೆ ಎರಡು ಬೆರಳು ದಪ್ಪ ನೊರೆ ಇರುತ್ತೆ. ಆ ಮಗುವಿನ ಅಪ್ಪ ನೊರೆಯಲ್ಲಿ ಬೆರಳು ಅದ್ದಿ ಮಗುವಿನ ಬಾಯಿಗೆ ಇಟ್ರು. ಮಗು ಮುಖ ಕಿವುಚ್ತು, ನಾಲಿಗೆ ಹೊರಗೆ ಹಾಕ್ತು, ಟೇಬಲ್ ಪೂರ್ತಿ ಬಿದ್ದು ಬಿದ್ದು ನಗು. ಇನ್ನೊಬ್ರು "ಮತ್ತೆ ಮಾಡು, ವಿಡಿಯೋ ಸರಿ ಬರ್ಲಿಲ್ಲ" ಅಂದ್ರು. ಮತ್ತೆ ಮಾಡಿದ್ರು. ನಾನು ಪಕ್ಕದಲ್ಲೇ ಖಾಲಿ ಪ್ಲೇಟ್ ಎತ್ತುತ್ತಾ ನಿಂತಿದ್ದೆ. "ಸಾರ್ ಬೇಡ" ಅಂದೆ, "ಅಯ್ಯೋ ಒಂದು ಡ್ರಾಪ್ ಕಣ್ರೀ, ಏನಾಗಲ್ಲ, ನಮ್ಮಜ್ಜಿ ಬ್ರಾಂದಿ ಹಚ್ತಿದ್ರು" ಅಂದ್ರು. ತುಂಬ ಒಳ್ಳೆ ಮನುಷ್ಯ, ಟಿಪ್ ಕೂಡ ಚೆನ್ನಾಗಿ ಕೊಟ್ರು. ಬಾಲನ್ಯಾಯ ಕಾಯ್ದೆ 2015, ಸೆಕ್ಷನ್ 77, ಮಗುವಿಗೆ ಮದ್ಯ ಕೊಟ್ರೆ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಆ ಟೇಬಲಲ್ಲಿ ಒಬ್ರಿಗೂ ಇದು ಗೊತ್ತಿರಲಿಲ್ಲ ಅಂತ ನನ್ನ ಅಂದಾಜು, ಗೊತ್ತಿದ್ರೆ ವಿಡಿಯೋ ಮಾಡ್ತಿರಲಿಲ್ಲ ಅಲ್ವಾ. ನಿಮ್ಮ ಇನ್‌ಸ್ಪೆಕ್ಟರ್ ಬಂದ್ರೆ ಮೊದ್ಲು ಹಿಡಿಯೋದು ಆ ಅಪ್ಪನ್ನ ಅಲ್ಲ, ಲೈಸೆನ್ಸ್ ಇಟ್ಕೊಂಡಿರೋರನ್ನ, ಆಮೇಲೆ ಸರ್ವ್ ಮಾಡಿದ ಹುಡುಗನ್ನ.

ಹಾಗಾದ್ರೆ ಮಕ್ಕಳನ್ನ ಪೂರ್ತಿ ಬ್ಯಾನ್ ಮಾಡಿ ಅಂತಿದ್ದೀನಾ? ಇಲ್ಲ. ಇಲ್ಲಿ ನನ್ನ ಜತೆ ಕೆಲಸ ಮಾಡೋರಲ್ಲೇ ಅರ್ಧ ಜನ ನನಗೆ ವಿರೋಧ ಇದ್ದಾರೆ, ಕಿಚನ್ ಕಡೆಯವರಂತೂ ಗೇಟಲ್ಲೇ ನಿಲ್ಲಿಸಿ ಅಂತಾರೆ. ಆದ್ರೆ ಪೂರ್ತಿ ಬ್ಯಾನ್ ಮಾಡಿದ್ರೆ ಏನಾಗುತ್ತೆ ಅಂತ ನಾನು ಟೇಬಲ್ ಟೇಬಲಲ್ಲಿ ನೋಡಿದ್ದೀನಿ. ಬಾಗಿಲಲ್ಲಿ "ಮಕ್ಕಳಿಗಿಲ್ಲ" ಅಂದ ತಕ್ಷಣ ಯಾರು ವಾಪಸ್ ಹೋಗ್ತಾರೆ ಗೊತ್ತಾ ಸಾರ್? ಅಮ್ಮ. "ನೀವು ಕೂತ್ಕೊಳ್ಳಿ, ಫ್ರೆಂಡ್ಸ್ ಬಂದಿದ್ದಾರಲ್ಲ, ನಾನು ಇವಳನ್ನ ಕರ್ಕೊಂಡು ಮನೆಗೆ ಹೋಗ್ತೀನಿ" ಅಂತ ಕ್ಯಾಬ್ ಬುಕ್ ಮಾಡ್ತಾರೆ. ಅಪ್ಪ ಹೊರಟಿದ್ದು ನಾನು ನೋಡಿದ್ದು ತುಂಬ ಅಪರೂಪ. ಆ ಹೆಣ್ಣುಮಗಳು ಕುಡಿಯೋದೂ ಇಲ್ಲದೆ ಇರಬಹುದು, ವಾರ ಪೂರ್ತಿ ಆಫೀಸು ಮನೆ ಮಾಡಿ ಒಂದು ಮಧ್ಯಾಹ್ನ ಫ್ರೆಂಡ್ಸ್ ಜತೆ ಫಿಶ್ ಫ್ರೈ ತಿನ್ನೋಕೆ ಬಂದಿರ್ತಾರೆ. ಮಕ್ಕಳ ಹೆಸರಲ್ಲಿ ತರೋ ಬ್ಯಾನು ಹೋಗಿ ಬೀಳೋದು ಅವರ ತಲೆ ಮೇಲೆ.

ಅದೂ ಅಲ್ದೆ ಈ ರಾಜ್ಯದಲ್ಲಿ ಹೆಂಗಸರು ಪಬ್ಬಲ್ಲಿ ಕೂತಿದ್ದಕ್ಕೆ ಏನಾಯ್ತು ಅನ್ನೋದು ಎಲ್ಲರಿಗೂ ನೆನಪಿದೆ, 2009ರ ಜನವರಿ, ಮಂಗಳೂರು. ಪಬ್ಬಿಗೆ ನುಗ್ಗಿ ಹುಡುಗೀರನ್ನ ಅಟ್ಟಾಡಿಸಿ ಹೊಡೆದ ಆ ವಿಡಿಯೋ ದೇಶ ಪೂರ್ತಿ ನೋಡ್ತು. ಇವತ್ತು "ಮಗು ಕರ್ಕೊಂಡು ಪಬ್ಬಿಗೆ ಹೋಗೋ ತಾಯಿ" ಅಂತ ಯಾರಾದ್ರೂ ಫೋಟೋ ಹಾಕಿದ್ರೆ ಕೆಳಗೆ ಬರೋ ಮಾತುಗಳನ್ನ ಓದಿ, ಪಕ್ಕದಲ್ಲೇ ಮಗು ಎತ್ಕೊಂಡು ನಿಂತಿರೋ ಅಪ್ಪನ ಬಗ್ಗೆ ಒಂದು ಸಾಲೂ ಇರಲ್ಲ. ನಾನು ನಿಮ್ಮ ಹತ್ರ ನಿಯಮ ಕೇಳ್ತಿರೋದು ಆ ಜನಕ್ಕೆ ಕೋಲು ಕೊಡೋಕಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ನಿಯಮ ನಿಮ್ಮ ಕೈಯಲ್ಲಿ ಇರಲಿ, ಬೀದಿ ಕೈಗೆ ಹೋಗೋದು ಬೇಡ.

ಇನ್ನು ಗ್ಲಾಸು ನೋಡಿದ್ರೆ ಮಗು ಕೆಡುತ್ತೆ ಅನ್ನೋ ವಾದ. ಕೊಡಗಿನೋರಿಗೆ ಇದನ್ನ ಹೇಳಿ ನೋಡಿ, ನಗ್ತಾರೆ. ಅಲ್ಲಿ ಮದುವೆಗೂ ಹಬ್ಬಕ್ಕೂ ಮದ್ಯ ಇರೋದೇ, ಮಕ್ಕಳು ಅಲ್ಲೇ ಓಡಾಡ್ಕೊಂಡಿರ್ತಾರೆ, ಅಜ್ಜ ತಾತ ಎಷ್ಟಕ್ಕೆ ನಿಲ್ಲಿಸ್ತಾರೆ ಅನ್ನೋದನ್ನೂ ನೋಡ್ತಾರೆ. ಮಂಗಳೂರಿನ ಕ್ರಿಶ್ಚಿಯನ್ ಮದುವೆಗಳಲ್ಲಿ ಟೋಸ್ಟ್ ಎತ್ತೋವಾಗ ಮಕ್ಕಳು ಜ್ಯೂಸ್ ಗ್ಲಾಸ್ ಎತ್ತುತ್ತಾರೆ. ನಮ್ಮ ಹಾಸನ ಅರಸೀಕೆರೆ ಕಡೆ ಹೈವೇಲಿ ಹೋಗಿ, ಎಷ್ಟು ಬೋರ್ಡ್ ಸಿಗುತ್ತೆ "ಫ್ಯಾಮಿಲಿ ಬಾರ್ ಅಂಡ್ ರೆಸ್ಟೋರೆಂಟ್" ಅಂತ. ಕೆಳಗೆ ಗಂಡಸರು ನೈಂಟಿ ಹಾಕ್ಕೊಂಡು ಕೂತಿರ್ತಾರೆ, ಮೇಲೆ ಫ್ಯಾಮಿಲಿ ಸೆಕ್ಷನ್ನು, ಪರದೆ ಹಾಕಿದ ಕ್ಯಾಬಿನ್ನು, ಮಕ್ಕಳು ಗೋಬಿ ಮಂಚೂರಿ ತಿಂತಾ ಇರ್ತಾರೆ, ಮೆಟ್ಟಿಲು ಬೇರೆ, ಕೈ ತೊಳೆಯೋ ಜಾಗ ಬೇರೆ. ನಮ್ಮ ಜನ ಯಾವ ಆರ್ಡರ್ರೂ ಇಲ್ಲದೆ ಜಾಗ ಬೇರೆ ಮಾಡ್ಕೊಂಡು ಇದನ್ನ ಬಗೆಹರಿಸ್ಕೊಂಡ್ರು. ಬೆಂಗಳೂರಿನ ಬ್ರೂಪಬ್ಬಲ್ಲಿ ಅದು ಆಗಲ್ಲ, ಅಲ್ಲಿ ಇರೋದು ಒಂದೇ ದೊಡ್ಡ ಹಾಲು, ಎಲ್ಲರೂ ಎಲ್ಲರಿಗೂ ಕಾಣಬೇಕು ಅಂತ್ಲೇ ಕಟ್ಟಿರೋದು. ಗೋಡೆ ಇಲ್ಲದ ಕಡೆ ಗಡಿಯಾರ ಇಟ್ಕೊಂಡೇ ಬೇರೆ ಮಾಡಬೇಕು, ಅದಕ್ಕೇ ನಾನು ಹೊತ್ತು ಹೊತ್ತು ಅಂತ ಬಡ್ಕೊಳ್ತಿರೋದು.

ಯಾಕೆ ಅಂದ್ರೆ ಮಧ್ಯಾಹ್ನದ ಪಬ್ಬು ಬೇರೆ, ರಾತ್ರಿ ಪಬ್ಬು ಬೇರೆ. ಏಳೂವರೆಗೆ ನಮ್ಮಲ್ಲಿ ಏನಾಗುತ್ತೆ ಹೇಳ್ತೀನಿ. ಮೊದ್ಲು ಲೈಟ್ ಅರ್ಧಕ್ಕೆ ಇಳಿಸ್ತೀವಿ. ಡಿಜೆ ಸೌಂಡ್ ಚೆಕ್ ಶುರು ಮಾಡ್ತಾನೆ. ಬಾರ್ ಕೌಂಟರ್ ಹತ್ರ ನಿಂತ್ಕೊಂಡು ಕುಡಿಯೋರು ಬರ್ತಾರೆ, ಶಾಟ್ಸ್ ಟ್ರೇ ಓಡಾಡೋಕೆ ಶುರು ಆಗುತ್ತೆ, ನಡೆಯೋಕೆ ಇದ್ದ ದಾರಿ ಮುಚ್ಚಿಹೋಗುತ್ತೆ. ಸಿಜ್ಲರ್ ಎತ್ಕೊಂಡು ಹೋಗೋವಾಗ ನನ್ನ ಕೈ ಸೊಂಟದ ಮಟ್ಟಕ್ಕಿರುತ್ತೆ, ಅದು ಐದು ವರ್ಷದ ಮಗುವಿನ ಮುಖದ ಮಟ್ಟ ಸಾರ್. ಕಾದ ಕಬ್ಬಿಣದ ತಟ್ಟೆ, ಚಟಚಟ ಎಣ್ಣೆ ಹಾರ್ತಾ ಇರುತ್ತೆ, ಹಗಲಲ್ಲಿ ಮಗು ಓಡಿಬಂದ್ರೆ ಕಾಣುತ್ತೆ, ಕತ್ತಲಲ್ಲಿ ಕಾಣಲ್ಲ, "ಹಿಂದೆ ಹಿಂದೆ" ಅಂತ ಕೂಗಿದ್ರೆ ಕೇಳಲ್ಲ. ಅಪ್ಪ ಅಮ್ಮ ಅಷ್ಟೊತ್ತಿಗೆ ಮೂರನೇ ಮಗ್‌ನಲ್ಲಿ ಇರ್ತಾರೆ, ಮಗು ಕೈಗೆ ಫೋನ್ ಕೊಟ್ಟಿರ್ತಾರೆ, ಚಾರ್ಜ್ ಹೋದ ಮೇಲೆ ಮಗು ಎದ್ದು ಹೊರಡುತ್ತೆ. ಸ್ಟಾಫ್ ಹುಡುಗೀರು ಟೇಬಲ್ ಬಿಟ್ಟು ಮಗು ಹುಡುಕಿದ್ದು ಒಂದೆರಡು ಸಲ ಅಲ್ಲ, ಸಿಕ್ಕಿದ್ದು ಒಂದ್ಸಲ ಡಿಜೆ ಕನ್ಸೋಲ್ ಕೆಳಗೆ, ಸ್ಪೀಕರ್‌ಗೆ ಬೆನ್ನು ಕೊಟ್ಟು ನಿದ್ದೆ ಮಾಡ್ತಿತ್ತು.

ಸ್ಪೀಕರ್ ವಿಷಯ ಬಂತು, ಅದನ್ನೂ ಹೇಳ್ತೀನಿ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡೋ ನಿಯಾಶ್ ಅನ್ನೋ ಸಂಸ್ಥೆ ಇದೆ, ಅವರ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಲ್ಲಿ ಎಂಟು ಗಂಟೆ ಕೆಲಸ ಮಾಡಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ್ರೆ ಹೊತ್ತು ಅರ್ಧ ಆಗುತ್ತೆ, 100ಕ್ಕೆ ಬಂದ್ರೆ ಬರೀ 15 ನಿಮಿಷ. ಇದು ದೊಡ್ಡವರ ಕಿವಿಗೆ ಹೇಳಿರೋ ಲೆಕ್ಕ. ಶುಕ್ರವಾರ ರಾತ್ರಿ ನಮ್ಮ ಫ್ಲೋರ್ ಮಧ್ಯೆ ನಿಂತು ಫೋನ್ ಆ್ಯಪಲ್ಲಿ ನೋಡಿದ್ರೆ 95 ದಾಟೋದು ಮಾಮೂಲು. ನನ್ನ ಕಿವಿ ನನ್ನ ಹೊಟ್ಟೆಪಾಡು, ಬಿಡಿ, ನಾನು ಸಂಬಳ ತಗೋತೀನಿ. ಹತ್ತು ತಿಂಗಳ ಮಗುವಿಗೆ ಯಾರು ಸಂಬಳ ಕೊಡ್ತಾರೆ?

ಇನ್ನೊಂದು ನನಗೆ ನಿಜವಾಗ್ಲೂ ಭಯ ಇರೋದು ಬೆಂಕಿ. 2023ರ ಅಕ್ಟೋಬರಲ್ಲಿ ಕೋರಮಂಗಲದಲ್ಲಿ ಬಿಲ್ಡಿಂಗ್ ಮೇಲಿದ್ದ ಕೆಫೆಗೆ ಬೆಂಕಿ ಬಿದ್ದು ಒಬ್ರು ಮೇಲಿಂದ ಹಾರಿದ್ದು ಎಲ್ಲರ ಫೋನಲ್ಲೂ ಬಂತು. 2025ರ ಡಿಸೆಂಬರಲ್ಲಿ ಗೋವಾದ ಅರ್ಪೋರದ ನೈಟ್‌ಕ್ಲಬ್ಬಲ್ಲಿ ಬೆಂಕಿಗೆ 25 ಜನ ಸತ್ರು, ಅದರಲ್ಲಿ ತುಂಬ ಜನ ಸ್ಟಾಫು, ನಮ್ಮಂಥೋರು. ಬೆಂಗಳೂರಲ್ಲಿ ಎಷ್ಟೋ ಪಬ್ಬು ನಾಲ್ಕನೇ ಐದನೇ ಮಹಡಿ ಮೇಲೆ ಇದಾವೆ, ಲಿಫ್ಟು ಒಂದೋ ಎರಡೋ, ಮೆಟ್ಟಿಲಲ್ಲಿ ಖಾಲಿ ಕ್ರೇಟು. ಕತ್ತಲೆ, ಸದ್ದು, ಕುಡಿದ ಮುನ್ನೂರು ಜನ, ಅದರ ಮಧ್ಯೆ ಮಡಚೋಕೆ ಬಾರದ ಸ್ಟ್ರೋಲರ್. ಫೈರ್ ಡ್ರಿಲ್ ಮಾಡಿಸೋವಾಗ ಒಬ್ರೂ ಇದನ್ನ ಕೇಳಲ್ಲ, ಮಕ್ಕಳಿದ್ರೆ ಏನು ಮಾಡ್ತೀರಿ ಅಂತ.

ಆಮೇಲೆ ಕಾರು. ರಾತ್ರಿ ಹತ್ತೂವರೆ, ವ್ಯಾಲೆ ಹುಡುಗ ಕಾರು ತಂದು ನಿಲ್ಲಿಸ್ತಾನೆ, ಹಿಂದಿನ ಸೀಟಲ್ಲಿ ನಿದ್ದೆ ಹೋಗಿರೋ ಮಗುನ ಮಲಗಿಸ್ತಾರೆ, ಚೈಲ್ಡ್ ಸೀಟ್ ಇದ್ರೂ ಬೆಲ್ಟ್ ಹಾಕೋ ತಾಳ್ಮೆ ಇರಲ್ಲ, ಅಪ್ಪ ಸ್ಟೀರಿಂಗ್ ಹಿಡಿತಾರೆ. ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದ್ರೆ ಮೊದಲ ಸಲಕ್ಕೇ 10 ಸಾವಿರ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ ಅನ್ನೋದು ಬೆಂಗಳೂರಲ್ಲಿ ಗಾಡಿ ಓಡಿಸೋ ಎಲ್ಲರಿಗೂ ಗೊತ್ತು, ಯಾವ ಸಿಗ್ನಲಲ್ಲಿ ಟ್ರಾಫಿಕ್‌ನೋರು ಊದಿಸ್ತಾರೆ ಅನ್ನೋದೂ ಗೊತ್ತು. ಕ್ಯಾಬ್ ಮಾಡ್ಕೊಡ್ಲಾ ಸಾರ್ ಅಂತ ಕೇಳ್ತೀನಿ, "ಇಲ್ಲೇ ಎಚ್‌ಎಸ್‌ಆರ್ ಲೇಔಟ್ ಅಷ್ಟೇ" ಅಂತಾರೆ. ಮಗು ಜತೆ ಬಂದಿರೋರು ಜವಾಬ್ದಾರಿಯಿಂದ ಕುಡೀತಾರೆ ಅಂತ ನೀವು ಅಂದ್ಕೊಂಡಿದ್ರೆ, ಒಂದು ಶನಿವಾರ ನಮ್ಮ ವ್ಯಾಲೆ ಸ್ಟ್ಯಾಂಡ್ ಪಕ್ಕ ಒಂದು ಗಂಟೆ ನಿಂತ್ಕೊಳ್ಳಿ.

ಮಗು ಅಂದ್ರೆ ಸ್ಟ್ರೋಲರ್ ಮಗು ಮಾತ್ರ ಅಲ್ಲ ಅನ್ನೋದು ಬೇರೆ ಕತೆ. ಹದಿನಾರು ಹದಿನೇಳರ ಹುಡುಗ್ರು ಗಡ್ಡ ಬಿಟ್ಕೊಂಡು ಗುಂಪಾಗಿ ಬರ್ತಾರೆ, ಅಪ್ಪ ಅಮ್ಮ ಇರಲ್ಲ, ಆಧಾರ್ ಕೇಳಿದ್ರೆ ಫೋನಲ್ಲಿ ಫೋಟೋ ತೋರಿಸ್ತಾರೆ. ಪುಣೆಯಲ್ಲಿ 2024ರ ಮೇ ತಿಂಗಳಲ್ಲಿ 17 ವರ್ಷದ ಹುಡುಗ ಪಬ್ಬಲ್ಲಿ ಕುಡಿದು ಪೋರ್ಷೆ ಓಡಿಸಿ ಇಬ್ರು ಟೆಕ್ಕಿಗಳು ಸತ್ರಲ್ಲ, ಅಲ್ಲಿ ಪಬ್ಬಿನೋರನ್ನೂ ಅರೆಸ್ಟ್ ಮಾಡಿದ್ರು. ಅದಾದ ಮೇಲೆ ನಮ್ಮಲ್ಲಿ ಐಡಿ ಚೆಕ್ಕು ಸ್ವಲ್ಪ ದಿನ ಜೋರಾಗಿ ನಡೀತು. ಇವರ ವಿಷಯದಲ್ಲಿ ನನಗೆ ಗೊಂದಲ ಇಲ್ಲ, ದೊಡ್ಡವರು ಜತೆಗಿಲ್ದೆ ಇದ್ರೆ ಯಾವ ಹೊತ್ತಲ್ಲೂ ಒಳಗೆ ಬಿಡಬಾರದು, ಮಧ್ಯಾಹ್ನ ಪಿಜ್ಜಾಗೂ ಬೇಡ.

ಬೇರೆ ದೇಶದೋರು ಏನು ಮಾಡಿದ್ದಾರೆ ಅಂತ ನೋಡಿದ್ರೆ, ಪಬ್ಬು ಹುಟ್ಟಿದ ಇಂಗ್ಲೆಂಡೇ ನೂರು ವರ್ಷಕ್ಕಿಂತ ಜಾಸ್ತಿ ಇದರ ಮೇಲೆ ಗುದ್ದಾಡಿದೆ. 1908ರ ಮಕ್ಕಳ ಕಾಯ್ದೆಯಲ್ಲಿ 14 ವರ್ಷದೊಳಗಿನೋರು ಬಾರ್ ಒಳಗೆ ಬರೋ ಹಾಗಿಲ್ಲ ಅಂತ ಮಾಡಿದ್ರು. ಅಲ್ಲಿಂದ ಸಡಿಲ ಆಗ್ತಾ ಬಂದು, ಈಗ 2003ರ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ ಮುಖ್ಯವಾಗಿ ಮದ್ಯಕ್ಕೇ ಇರೋ ಜಾಗದಲ್ಲಿ 16ರೊಳಗಿನ ಮಕ್ಕಳು ದೊಡ್ಡವರ ಜತೆ ಮಾತ್ರ ಇರಬಹುದು. 16, 17ರೋರಿಗೆ ಊಟದ ಜತೆ ದೊಡ್ಡವರು ಬಿಯರ್ ಕೊಡಿಸಬಹುದು ಅಂತಾನೂ ಇದೆ, ಅದು ನಮಗೆ ಬೇಡಪ್ಪ. ಅಲ್ಲಿ ಪಬ್ಬು ಅಂದ್ರೆ ಭಾನುವಾರದ ರೋಸ್ಟ್ ಊಟ, ನಾಯಿ, ಮಕ್ಕಳು, ಎಲ್ಲ ಸೇರಿ. ಎಷ್ಟರ ಮಟ್ಟಿಗೆ ಅಂದ್ರೆ, ಪ್ರಧಾನಿ ಆಗಿದ್ದಾಗ ಡೇವಿಡ್ ಕ್ಯಾಮರನ್ ಊಟ ಮುಗಿಸ್ಕೊಂಡು ಎಂಟು ವರ್ಷದ ಮಗಳನ್ನ ಪಬ್ಬಲ್ಲೇ ಬಿಟ್ಟು ಹೊರಟುಹೋಗಿದ್ರು, ಗಂಡ ಹೆಂಡತಿ ಬೇರೆ ಬೇರೆ ಕಾರಲ್ಲಿ ಹೋಗಿ ಮಗು ಆ ಕಾರಲ್ಲಿದೆ ಅಂತ ಇಬ್ಬರೂ ಅಂದ್ಕೊಂಡಿದ್ರಂತೆ, 2012ರಲ್ಲಿ ಪೇಪರಲ್ಲಿ ಬಂತು. ಸೆಕ್ಯೂರಿಟಿ ಇಟ್ಕೊಂಡಿದ್ದ ಪ್ರಧಾನಿನೇ ಮರೆತಿದ್ದಾರೆ ಅಂದ್ರೆ ನಮ್ಮ ಟೇಬಲ್ ನಂಬರ್ ಹನ್ನೆರಡರೋರನ್ನ ನಾನು ಬೈಯೋದು ಹೇಗೆ.

ನನಗೆ ಹಿಡಿಸಿದ್ದು ಸ್ಕಾಟ್ಲೆಂಡಿನೋರ ದಾರಿ. ಅಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕೋವಾಗಲೇ ಆಪರೇಟಿಂಗ್ ಪ್ಲಾನ್ ಅಂತ ಕೊಡಬೇಕು, ಅದರಲ್ಲೇ ಬರೀಬೇಕು: ಮಕ್ಕಳನ್ನ ಬಿಟ್ಕೊಳ್ತೀರಾ, ಯಾವ ವಯಸ್ಸಿನೋರನ್ನ, ಯಾವ ಹೊತ್ತಲ್ಲಿ, ಕಟ್ಟಡದ ಯಾವ ಭಾಗಕ್ಕೆ, ಯಾವ ಷರತ್ತಿನ ಮೇಲೆ. ಬರೆದುಕೊಟ್ಟಿದ್ದೇ ಲೈಸೆನ್ಸಿನ ಭಾಗ ಆಗುತ್ತೆ. ಐದು ವರ್ಷದೊಳಗಿನ ಮಕ್ಕಳನ್ನ ಬಿಟ್ಕೊಳ್ಳೋ ಜಾಗದಲ್ಲಿ ಡೈಪರ್ ಬದಲಿಸೋ ವ್ಯವಸ್ಥೆ ಇರಲೇಬೇಕು, ಅದೂ ಗಂಡಸ್ರಿಗೂ ಹೆಂಗಸ್ರಿಗೂ ಸಿಗೋ ಹಾಗೆ. ನಮ್ಮಲ್ಲಿ ಅಮ್ಮಂದಿರು ಡೈಪರ್ ಬದಲಿಸೋದು ಎಲ್ಲಿ ಗೊತ್ತಾ, ಸೋಫಾ ಮೇಲೆ, ಪಕ್ಕದ ಟೇಬಲಿನೋರು ಮೂಗು ಮುಚ್ಕೊಂಡು ನನ್ನ ಕಡೆ ನೋಡ್ತಾರೆ, ನಾನು ಚಾವಣಿ ನೋಡ್ತೀನಿ.

ಹಾಗಾಗಿ ಸಾರ್, ನಾನು ಕೇಳ್ತಿರೋದು ಹೊಸ ಕಾಯ್ದೆ ಅಲ್ಲ. ಲೈಸೆನ್ಸ್ ರಿನ್ಯೂವಲ್ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿ. ಮಕ್ಕಳಿಗೆ ಪ್ರವೇಶ ಇದೆಯಾ ಇಲ್ವಾ. ಇಲ್ಲ ಅಂದ್ರೆ ಇಲ್ಲ ಅಂತ ಬೋರ್ಡ್ ಹಾಕಲಿ, ಬರೀ ಬಾರ್ ನಡೆಸೋರಿಗೆ ಆ ಸ್ವಾತಂತ್ರ್ಯ ಇರಬೇಕು, ಮಕ್ಕಳ ಗಲಾಟೆ ಬೇಡ ಅಂತ ಬರೋ ಗಿರಾಕಿಗೂ ಒಂದು ಜಾಗ ಬೇಕಲ್ಲ. ಇದೆ ಅಂದ್ರೆ ಸಂಜೆ ಏಳೂವರೆವರೆಗೆ ಅಂತ ರಾಜ್ಯಕ್ಕೆಲ್ಲ ಒಂದೇ ಟೈಮ್ ಇಡಿ. ಬೆಂಗಳೂರಲ್ಲಿ ರಾತ್ರಿ ಒಂದು ಗಂಟೆವರೆಗೆ ತೆಗೆದಿರೋಕೆ ಬಿಟ್ಟಿದ್ದೀರಿ, ಮಧ್ಯಾಹ್ನ ಹನ್ನೆರಡರಿಂದ ಲೆಕ್ಕ ಹಾಕಿದ್ರೆ ದೊಡ್ಡವರಿಗೆ ಅಂತ್ಲೇ ಐದೂವರೆ ಗಂಟೆ, ಮಕ್ಕಳೊಂದಿಗರಿಗೆ ಏಳೂವರೆ ಗಂಟೆ ಸಿಗುತ್ತೆ, ಯಾರೂ ಅಳೋ ಹಾಗಿಲ್ಲ. ಏಳೂವರೆನೇ ಯಾಕೆ, ಎಂಟು ಯಾಕಲ್ಲ ಅಂತ ಕೇಳ್ತೀರಿ. ಎಂಟಕ್ಕೆ ಅಂದ್ರೆ ಎಂಟೂವರೆಗೆ ಏಳ್ತಾರೆ, ಬಿಲ್ಲು ಬರಲಿ, ಐಸ್‌ಕ್ರೀಂ ಬರಲಿ, ಕ್ಯಾಬ್ ಕ್ಯಾನ್ಸಲ್ ಆಯ್ತು. ಏಳೂವರೆ ಅಂತ ಬರೆದ್ರೆ ಎಂಟಕ್ಕೆ ಫ್ಲೋರ್ ಖಾಲಿ ಆಗುತ್ತೆ, ಇದು ನಮ್ಮ ಅನುಭವದ ಗಣಿತ. ಮಕ್ಕಳು ಇರೋ ಹೊತ್ತಲ್ಲಿ ಡಿಜೆ ಬೇಡ, ಶಾಟ್ಸ್ ಆಫರ್ ಬೇಡ, ಬಾರ್ ಕೌಂಟರಿನ ಎತ್ತರದ ಸ್ಟೂಲ್ ಮೇಲೆ ಮಗು ಕೂರಿಸೋದು ಬೇಡ. ಮಗು ಇರೋ ಟೇಬಲಲ್ಲಿ ಕುಡಿಯದೆ ಇರೋ ದೊಡ್ಡವರು ಒಬ್ರಾದ್ರೂ ಇರಬೇಕು, ಆರ್ಡರ್ ತಗೊಳ್ಳೋವಾಗಲೇ "ಇವತ್ತು ಮಗು ಯಾರ ಜವಾಬ್ದಾರಿ" ಅಂತ ಕೇಳೋ ಹಕ್ಕು ನಮಗೆ ಕೊಡಿ. ಮೊದಮೊದಲು ಮುಖ ಗಂಟು ಹಾಕ್ಕೊಳ್ತಾರೆ, ಹೆಲ್ಮೆಟ್‌ಗೂ ಹಾಗೇ ಮಾಡಿದ್ರು.

ಇದೆಲ್ಲದಕ್ಕಿಂತ ಮುಖ್ಯ, ಬಾಗಿಲಲ್ಲಿ ಕನ್ನಡದಲ್ಲೂ ಇಂಗ್ಲಿಷಲ್ಲೂ ಒಂದು ಬೋರ್ಡು, ಅದರ ಮೇಲೆ ಇಲಾಖೆ ಹೆಸರು, ಕೆಳಗೆ ಸೆಕ್ಷನ್ 77ರ ಒಂದು ಸಾಲು. ಆ ಬೋರ್ಡ್ ಇದ್ರೆ ನಾನು ವಾದ ಮಾಡೋದೇ ಬೇಕಿಲ್ಲ, ಕೈ ತೋರಿಸ್ತೀನಿ ಅಷ್ಟೇ. ಸಿಗರೇಟ್ ವಿಷಯದಲ್ಲಿ ಇದು ಆಗಿದ್ದನ್ನ ಕಣ್ಣಾರೆ ನೋಡಿದ್ದೀವಿ. "ಧೂಮಪಾನ ನಿಷೇಧ" ಬೋರ್ಡಲ್ಲಿ ದಂಡದ ಮೊತ್ತ ಬರೆದ ಮೇಲೆ ಸ್ಟಾಫ್ ಜತೆ ಜಗಳ ಮಾಡೋರು ಕಮ್ಮಿ ಆದ್ರು, ಎದ್ದು ಸ್ಮೋಕಿಂಗ್ ಜಾಗಕ್ಕೆ ಹೋಗ್ತಾರೆ.

ಪಬ್ ಓನರ್‌ಗಳಿಗೆ ಒಂದು ಮಾತು. ಫ್ಯಾಮಿಲಿ ಬ್ರಂಚ್ ನಿಮ್ಮ ಭಾನುವಾರದ ಸೇಲ್ ಎತ್ತಿ ನಿಲ್ಲಿಸುತ್ತೆ, ನನಗೂ ಗೊತ್ತು, ನಮ್ಮ ಸರ್ವಿಸ್ ಚಾರ್ಜಿನ ಪಾಲೂ ಅಲ್ಲಿಂದ್ಲೇ ಬರೋದು. ಆದ್ರೆ ಇನ್‌ಸ್ಟಾಗ್ರಾಮಲ್ಲಿ ಕಿಡ್ಸ್ ಫ್ರೆಂಡ್ಲಿ ಅಂತ ಹಾಕಿ, ಒಳಗೆ ಮದ್ಯ ಇಲ್ಲದ ಮಾಕ್‌ಟೇಲನ್ನೂ ಮದ್ಯ ಇರೋ ಕಾಕ್‌ಟೇಲನ್ನೂ ಒಂದೇ ಥರ ಗ್ಲಾಸಲ್ಲಿ, ಒಂದೇ ಥರ ಕೊಡೆ ಚುಚ್ಚಿ ಕೊಡೋದು ಮೊದ್ಲು ನಿಲ್ಲಿಸಿ. ಟ್ರೇ ಮೇಲೆ ಎರಡು ಕಿತ್ತಳೆ ಬಣ್ಣದ ಗ್ಲಾಸ್ ಇದ್ದಾಗ ಯಾವುದರಲ್ಲಿ ವೋಡ್ಕಾ ಇದೆ ಅಂತ ನಾನು ಪ್ರತಿಸಲ ಬಾರ್‌ಟೆಂಡರ್ ಮುಖ ನೋಡ್ಬೇಕು. ಮಕ್ಕಳ ಗ್ಲಾಸ್ ಸ್ಟೀಲ್ ಲೋಟ ಮಾಡಿ, ಖರ್ಚೂ ಕಮ್ಮಿ, ಒಡೆಯೋದೂ ಇಲ್ಲ.

ಅಪ್ಪ ಅಮ್ಮಂದಿರಿಗೆ ಹೇಳೋಕೆ ನನಗೆ ಹಕ್ಕಿಲ್ಲ ಅನ್ನಬಹುದು. ಆದ್ರೂ ಹೇಳ್ತೀನಿ, ನಿಮ್ಮ ಮಗು ನಮ್ಮಲ್ಲಿಗೆ ಬಂದ್ರೆ ನಮಗೆ ಖುಷಿನೇ, ಫ್ರೆಂಚ್ ಫ್ರೈಸ್ ಜಾಸ್ತಿ ಹಾಕಿ ಕೊಡ್ತೀವಿ, ಮಾಲ್ಟ್ ಕಾಳು ಕೈಗೆ ಕೊಟ್ಟು ಬ್ರೂಮಾಸ್ಟರ್ ಟ್ಯಾಂಕ್ ತೋರಿಸ್ತಾರೆ, ಕಣ್ಣರಳಿಸ್ಕೊಂಡು ನೋಡ್ತಾವೆ. ಹೊತ್ತು ಮುಳುಗಿದ ಮೇಲೆ ಮಾತ್ರ ಬೇಡ. ಎಂಟು ಗಂಟೆಗೆ ನಿದ್ದೆ ಬಂದು ರಚ್ಚೆ ಹಿಡಿಯೋ ಮಗುವನ್ನ ಹನ್ನೊಂದರವರೆಗೆ ಕೂರಿಸ್ಕೊಳ್ಳೋದು ಆ ಮಗು ಕೇಳಿದ್ದಲ್ಲ.

ಈ ಪತ್ರ ಬರೀತಾ ಊರಿನ ಫ್ರೆಂಡ್ ಒಬ್ಬನಿಗೆ ತೋರಿಸಿದೆ, ಅವನು "ನಿಮ್ಮ ಬೆಂಗಳೂರಿನ ಸ್ಟ್ರೋಲರ್ ಮಕ್ಕಳ ಚಿಂತೆ ಮಾಡ್ತೀಯ, ಇಲ್ಲಿ ಮಕ್ಕಳ ಕೈಯಲ್ಲೇ ಎಣ್ಣೆ ತರಿಸ್ತಾರೆ, ಅದನ್ನೂ ಬರಿ" ಅಂದ. ಸರಿ, ಬರೀತೀನಿ. ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ, ಆಮೇಲೆ ಹಳ್ಳಿ ಹಳ್ಳಿಯ ಕಿರಾಣಿ ಅಂಗಡಿ, ಪೆಟ್ಟಿ ಅಂಗಡಿಯಲ್ಲಿ ಕದ್ದು ಮಾರೋ ಟೆಟ್ರಾ ಪ್ಯಾಕ್ ಬಂತು. ನೋಡೋಕೆ ಜ್ಯೂಸ್ ಪ್ಯಾಕೆಟ್ ಥರನೇ, ಹುಡುಗನ ಚಡ್ಡಿ ಜೇಬಲ್ಲಿ ಹಿಡಿಸುತ್ತೆ. ಮಕ್ಕಳ ಕೈಯಲ್ಲಿ ಮದ್ಯ ಸಾಗಿಸೋದಕ್ಕೂ ಮಾರಿಸೋದಕ್ಕೂ ಅದೇ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 78 ಇದೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದ್ರಲ್ಲ ಸಾರ್, ಅವರ ಊರಿನ ಅಂಗಡಿಗಳಿಗೆ ಬೌನ್ಸರೂ ಇಲ್ಲ, ಪಾಲಿಸಿನೂ ಇಲ್ಲ. 2025-26ರ ಬಜೆಟಲ್ಲಿ ನಿಮ್ಮ ಇಲಾಖೆಗೆ 40 ಸಾವಿರ ಕೋಟಿ ಟಾರ್ಗೆಟ್ ಕೊಟ್ಟಿದ್ದಾರೆ, ನಮ್ಮ ಮ್ಯಾನೇಜರ್ ನಮಗೆ ಕೊಟ್ಟ ಹಾಗೆ. ಟಾರ್ಗೆಟ್ ಇರೋರ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ದುಡ್ಡಲ್ಲಿ ಬೋರ್ಡಿಗೆ ಎಷ್ಟಾಗುತ್ತೆ, ಹಳ್ಳಿ ಅಂಗಡಿಗಳ ಮೇಲೆ ಕಣ್ಣಿಡೋ ಹೆಚ್ಚಿನ ಸಿಬ್ಬಂದಿಗೆ ಎಷ್ಟಾಗುತ್ತೆ, ನೀವೇ ಲೆಕ್ಕ ಹಾಕಿ.

ಕರಡು ತಂದ್ರೆ 2023ರಲ್ಲಿ ಕೊಟ್ಟ ಹಾಗೆ ಆಕ್ಷೇಪಣೆಗೆ 30 ದಿನ ಕೊಡಿ, ಈ ಸಲ ಗಾಬರಿ ಬಿದ್ದು ವಾಪಸ್ ತಗೋಬೇಡಿ. ಅಹವಾಲು ಕೇಳೋಕೆ ಸಭೆ ಕರೆದಾಗ ಓನರ್ ಸಂಘದೋರನ್ನ ಮಾತ್ರ ಕರೀಬೇಡಿ, ಫ್ಲೋರಲ್ಲಿ ನಿಲ್ಲೋರು, ವ್ಯಾಲೆ ಹುಡುಗ್ರು, ಹೌಸ್‌ಕೀಪಿಂಗ್ ಅಕ್ಕಂದಿರನ್ನೂ ಕರೀರಿ, ಸೋಫಾ ಮೇಲಿನ ಡೈಪರ್ ಎತ್ತೋರು ಅವರೇ. ಸೋಮವಾರ ಬೆಳಿಗ್ಗೆ ಇಟ್ರೆ ಒಳ್ಳೇದು ಸಾರ್, ಶನಿವಾರ ಭಾನುವಾರ ನಮಗೆ ರಜೆ ಸಿಗಲ್ಲ.

ಇಂತಿ,
ಬೆಂಗಳೂರಿನ ಒಬ್ಬ ಫ್ಲೋರ್ ಕ್ಯಾಪ್ಟನ್